ಕ್ಷೀರಾನ್ನಾದ

ತೊಟ್ಟಿಲಿಗೂ ಅಂಗಳಕ್ಕೂ ನಡುವೆ ಮಗುವು ಕಳೆಯುವ ಕಾಲವು ಬಲು ಚಿಕ್ಕದು. ಅಂಬೆಗಾಲಿಕ್ಕುವುದು, ಗೋಡೆ ಹಿಡಿದು ನಿಲ್ಲುವುದು, ತಪ್ಪುಹೆಜ್ಜೆಯಿಡುವುದು, ತೊದಲು ನುಡಿಯುವುದು, ಇವೆಲ್ಲವೂ ಒಂದು ವರುಷದ ಒಳಹೊರಗೆ ನಡೆದುಹೋಗುತ್ತವೆ. ಮನೆಯವರಿಗೆ ಇದು ಸಂಭ್ರಮದ ಕಾಲ. ವೈದ್ಯರಿಗೆ ಮಾತ್ರ ಬಹು ಹಿಂದಿನಿಂದಲೂ ಇದು ಕಣ್ಣಿಟ್ಟು ಕಾಯಬೇಕಾದ ಕಾಲವಾಗಿದ್ದಿತು.

ಸುಶ್ರುತ ಸಂಹಿತೆಯು ಬಾಲ್ಯವನ್ನು ಮೂರಾಗಿ ವಿಂಗಡಿಸುತ್ತದೆ. ಒಂದು ವರುಷದವರೆಗೆ ಮಗುವು ಕ್ಷೀರಪ, ಎರಡು ವರುಷದವರೆಗೆ ಕ್ಷೀರಾನ್ನಾದ, ಎಂದರೆ ಹಾಲನ್ನೂ ಅನ್ನವನ್ನೂ ಉಣ್ಣುವುದು, ಅದರಿಂದಾಚೆಗೆ ಅನ್ನಾದ. ಹಲ್ಲು, ನಡಿಗೆ, ಮಾತು ಇವುಗಳಲ್ಲಿ ಯಾವುದನ್ನೂ ಅಳತೆಗೋಲಾಗಿ ಹಿಡಿಯದೆ ಊಟವನ್ನೇ ಹಿಡಿದಿರುವುದು ಗಮನಿಸತಕ್ಕ ಸಂಗತಿ. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ರುಚಿ ತೋರಿಸಬೇಕೆಂದು ಅದೇ ಗ್ರಂಥವು ವಿಧಿಸುವುದರಿಂದ, ಮೊದಲ ವರುಷದ ಅನ್ನವು ಹೆಸರಿಗೆ ಮಾತ್ರವಾಗಿದ್ದು, ಹಾಲೂ ಅನ್ನವೂ ಸರಿಸಮನಾಗಿ ನಡೆಯುವುದು ಎರಡನೆಯ ವರುಷದಲ್ಲಿಯೇ ಎಂದು ತಿಳಿಯಬಹುದು. 1938ರಲ್ಲಿ ಅಚ್ಚಾದ ಕಾಶ್ಯಪ ಸಂಹಿತೆಯು ಇನ್ನೂ ನಿಧಾನದ ಪಕ್ಷ. ಅದರಂತೆ ಆರನೆಯ ತಿಂಗಳಲ್ಲಿ ಹಣ್ಣು, ಧಾನ್ಯವು ಹಲ್ಲು ಮೂಡಿದ ಮೇಲೆ ಅಥವಾ ಹತ್ತನೆಯ ತಿಂಗಳಲ್ಲಿ.

ಕೂರಿಸುವ ವಿಷಯದಲ್ಲಿಯೂ ಈ ವೈದ್ಯರು ಆತುರಪಟ್ಟವರಲ್ಲ. ಕಾಶ್ಯಪನ ಮತದಲ್ಲಿ ಸಗಣಿಯಿಂದ ಸಾರಿಸಿದ ನೆಲದ ಮೇಲೆ, ಪ್ರಾಣಿಗಳ ಆಕಾರದ ಆಟಿಕೆಗಳ ನಡುವೆ, ಮಗುವನ್ನು ಸ್ವಲ್ಪ ಹೊತ್ತು ಮಾತ್ರ ಕೂರಿಸಿ ದಿನದಿನವೂ ಅಭ್ಯಾಸ ಮಾಡಿಸಬೇಕು. ಕಾಲಕ್ಕೆ ಮುಂಚೆ ಕೂರಿಸಿದರೆ ಬೆನ್ನು ಗೂನಾದೀತೆಂಬುದು ಸುಶ್ರುತನ ಭಯ. ಆ ಭಯಕ್ಕೆ ಇಂದಿನ ವೈದ್ಯವು ಆಧಾರ ಕಾಣದಿದ್ದರೂ ಆತುರ ಬೇಡವೆಂಬ ಮಾತನ್ನು ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಳತೆಯಂತೆ, ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯಲು ತೊಡಗುವುದು ಸುಮಾರು 8ರಿಂದ 18 ತಿಂಗಳೊಳಗೆ. ನೆರೆಮನೆಯ ಕೂಸಿನೊಡನೆ ಹೋಲಿಸಿ ಮರುಗುವ ತಾಯಂದಿರು ಈ ಅಂತರವನ್ನು ನೆನೆಯುವುದು ಒಳ್ಳೆಯದು.

ಆಟಿಕೆಗಳನ್ನು ಕುರಿತು ಚರಕನ ಮಾತು ಇಂದಿನ ಯಾವ ನಿಯಮಾವಳಿಗೂ ಸಾಟಿಯಾಗಿ ನಿಲ್ಲುತ್ತದೆ. ಅವು ಬಣ್ಣಬಣ್ಣವಾಗಿರಬೇಕು, ಸದ್ದು ಮಾಡಬೇಕು, ಹಗುರವಾಗಿರಬೇಕು. ಮೊನೆಯಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಕುತ್ತು ತರಬಾರದು, ಹೆದರಿಸಬಾರದು. ಈ ಕಡೆಯ ಮಾತನ್ನು ಅವನು ಅಲ್ಲಿಗೇ ಬಿಡಲಿಲ್ಲ. ಮಗುವು ಅತ್ತರೂ ಉಣ್ಣಲೊಲ್ಲದಿದ್ದರೂ ರಾಕ್ಷಸ, ಪಿಶಾಚ, ಪೂತನಿಯರ ಹೆಸರೆತ್ತಿ ಅಂಜಿಸಕೂಡದೆಂದು ಬೇರೆಯಾಗಿ ಹೇಳಿದನು. ಹೇಳಿದ ಮಾತು ಕೇಳದ ಮಗುವನ್ನೂ ಬೆದರಿಸಬಾರದು, ಬೆದರಿದ ಮಗುವನ್ನೇ ಗ್ರಹಗಳು ಹಿಡಿಯುವುವು ಎಂದು ವಾಗ್ಭಟನು ಕಾರಣವನ್ನೂ ಕೊಟ್ಟನು. ಕನ್ನಡದಲ್ಲಿ ಸುಮಾರು 1200ರ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯನ್ನೇ ಒಂದು ಗ್ರಂಥವಾಗಿ ಬರೆದುದನ್ನು ನೋಡಿದರೆ ಈ ಅಂಜಿಕೆಯು ಮನೆಮನೆಗಳಲ್ಲಿ ಎಷ್ಟು ಬೇರೂರಿದ್ದಿತೆಂಬುದನ್ನು ಊಹಿಸಬಹುದು. ಆದರೆ ಶಾಸ್ತ್ರದ ಮಾತು ಅಡುಗೆಮನೆಯನ್ನು ಮುಟ್ಟಲಿಲ್ಲ. ಪುರಂದರದಾಸರ ಹಾಡಿನಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಅಂಗಲಾಚಿ, ಮಣ್ಣು ತಿನ್ನೆನು, ಬಾವಿಯ ಕಡೆಗೆ ಹೋಗೆನು, ಹಾವಿನೊಡನೆ ಆಡೆನು ಎಂದು ಮಾತು ಕೊಡುತ್ತಾನೆ. ಆಗತಾನೆ ಕಾಲು ಬಂದ ಮಗುವಿಗೆ ಹಳ್ಳಿಯ ಮನೆಯಲ್ಲಿ ಒದಗುವ ಅಪಾಯಗಳ ಪಟ್ಟಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಕೊಟ್ಟಿಲ್ಲ. ತಾಯಿಯು ಗುಮ್ಮನನ್ನು ಕರೆದುದು ಏತಕ್ಕೆಂಬುದೂ ಅದರಲ್ಲಿಯೇ ತಿಳಿಯುತ್ತದೆ.

ಆದರೆ ಹಾವು ಬಾವಿಗಳಿಗಿಂತ ದೊಡ್ಡ ಅಪಾಯವು ಮಗುವಿನ ಬಟ್ಟಲಲ್ಲಿಯೇ ಇದ್ದಿತು. ಮೊಲೆ ಬಿಡಿಸುವುದಕ್ಕೆ ತಾಯಂದಿರು ಬೇವಿನ ರಸ ಹಚ್ಚಿ ಒಂದೇ ದಿನದಲ್ಲಿ ಕೆಲಸ ಮುಗಿಸುವುದುಂಟು. ವಾಗ್ಭಟನು ಹೇಳುವುದು ಬೇರೆ: ಹಲ್ಲು ಮೂಡಿದ ಮಗುವನ್ನು ಕ್ರಮಕ್ರಮವಾಗಿ ಮೊಲೆಯಿಂದ ಬಿಡಿಸಬೇಕು, ಜೊತೆಜೊತೆಗೇ ಬೇರೆ ಹಾಲನ್ನೂ, ಹಗುರವಾಗಿದ್ದು ಮೈಗೂಡಿಸುವ ಅನ್ನವನ್ನೂ ಕೊಡುತ್ತ ಬರಬೇಕು. ಹಾಲು ಬಿಟ್ಟ ಮಗುವಿಗೆಂದು ಚಾರೋಳಿ, ಜ್ಯೇಷ್ಠಮಧು, ಜೇನು, ಅರಳು, ಕಲ್ಲುಸಕ್ಕರೆಗಳ ಉಂಡೆಯನ್ನೂ, ಹಸಿವು ಹೆಚ್ಚಲು ಎಳೆ ಬಿಲ್ವದ ಕಾಯಿ, ಏಲಕ್ಕಿ, ಸಕ್ಕರೆ, ಅರಳಿನ ಹಿಟ್ಟುಗಳ ಉಂಡೆಯನ್ನೂ ಅವನು ಹೇಳಿದ್ದಾನೆ. (ವರುಷ ತುಂಬದ ಮಗುವಿಗೆ ಜೇನು ಸಲ್ಲದೆಂಬುದು ಇಂದು ಸ್ಥಿರವಾಗಿರುವ ಮಾತು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ಕೂಸಿನ ಕರುಳಲ್ಲಿ ವಿಷವನ್ನು ಹುಟ್ಟಿಸಬಲ್ಲುದು. ಆದುದರಿಂದ ಹಳೆಯ ಉಂಡೆಯನ್ನು ಹಾಗೆಯೇ ಕಟ್ಟಲಾಗದು.)

ಇಷ್ಟೆಲ್ಲ ಎಚ್ಚರಿಕೆಗೆ ಕಾರಣವಾದ ರೋಗಕ್ಕೆ ಪಾರಿಗರ್ಭಿಕವೆಂದು ಹೆಸರು. ತಾಯಿ ಮತ್ತೆ ಗರ್ಭಿಣಿಯಾಗಿರುವಾಗ ಅವಳ ಹಾಲನ್ನೇ ಕುಡಿಯುವ ಮಗುವಿಗೆ ಕೆಮ್ಮು, ಅಗ್ನಿಮಾಂದ್ಯ, ವಾಂತಿ, ಜೋಂಪು, ಅರುಚಿಗಳು ತಗಲಿ, ಮೈ ಕೃಶವಾಗಿ, ಹೊಟ್ಟೆ ಮಾತ್ರ ದೊಡ್ಡದಾಗುವುದು. ಇದಕ್ಕೆ ಪರಿಭವವೆಂದೂ ಇನ್ನೊಂದು ಹೆಸರುಂಟು. ಪರಿಭವವೆಂದರೆ ಸೋಲು, ಅವಮಾನ. ನಿದಾನಗ್ರಂಥದಲ್ಲಿ ರೋಗಕ್ಕೆ ಇಂತಹ ಹೆಸರನ್ನಿಟ್ಟ ಪುರಾತನನು ಯಾರೋ ಆ ಮಗುವಿನ ಮುಖವನ್ನು ದಿಟ್ಟಿಸಿ ನೋಡಿದ್ದವನಾಗಿರಬೇಕು.

ಈ ರೋಗದ ಸೋದರನೆನ್ನಬಹುದಾದ ಮತ್ತೊಂದಕ್ಕೆ ಹೆಸರು ದೊರೆತುದು ಆಫ್ರಿಕ ಖಂಡದಲ್ಲಿ. ಜಮೈಕದಲ್ಲಿ ಹುಟ್ಟಿದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1929ರಲ್ಲಿ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಾ ದೇಶಕ್ಕೆ, ಕೆಲಸಕ್ಕೆ ಹೋದಳು. ಅಲ್ಲಿ ಎಳೆಯ ಮಕ್ಕಳು ಮೊಲೆ ಬಿಟ್ಟ ಮೇಲೆ ಮೆಕ್ಕೆಜೋಳದ ಗಂಜಿಯೊಂದನ್ನೇ ಉಂಡು, ಕೈಕಾಲು ಬಾತು, ಚರ್ಮ ಸುಲಿದು ಸಾಯುತ್ತಿದ್ದುದನ್ನು ಕಂಡು 1933ರಲ್ಲಿ ಬರೆದು ಪ್ರಕಟಿಸಿದಳು. ಇದು ಆಗಲೇ ತಿಳಿದಿದ್ದ ಪೆಲಾಗ್ರ ರೋಗವೇ ಎಂದು ಕೆಲವರು ವಾದಿಸಿದರು. ಅವಳು ಬಿಟ್ಟುಕೊಡದೆ, 1935ರಲ್ಲಿ ಅಲ್ಲಿಯ ಗಾ ಭಾಷೆಯ ಹೆಂಗಸರು ಆಡುತ್ತಿದ್ದ ಕ್ವಾಷಿಯೋರ್ಕರ್ ಎಂಬ ಹೆಸರಿನಿಂದಲೇ ಅದನ್ನು ವೈದ್ಯಲೋಕದ ಮುಂದಿಟ್ಟಳು. ಮುಂದಿನ ಕೂಸು ಹುಟ್ಟಿದಾಗ ಮಡಿಲು ತಪ್ಪಿದ ಮಗುವಿಗೆ ಬರುವ ರೋಗವೆಂದು ಅದರ ಅರ್ಥ. ಎರಡು ರೋಗಗಳ ಲಕ್ಷಣಗಳು ಪೂರ್ತಿಯಾಗಿ ಒಂದಲ್ಲ. ಬಾವು ನಮ್ಮ ಪಟ್ಟಿಯಲ್ಲಿಲ್ಲ. ಆದರೆ ಒಬ್ಬರನ್ನೊಬ್ಬರು ಅರಿಯದ ಎರಡು ನಾಡುಗಳ ಜನರು, ಸ್ಥಳ ಕಳೆದುಕೊಂಡ ಮಗುವನ್ನು ನೋಡಿಯೇ ರೋಗಕ್ಕೆ ಹೆಸರಿಟ್ಟರು.

ಕಾರಣದ ವಿಷಯದಲ್ಲಿ ಹಳಬರೂ ಹೊಸಬರೂ ಎಡವಿದ್ದಾರೆ. ಗರ್ಭಿಣಿಯ ಹಾಲು ಕೆಟ್ಟದ್ದಲ್ಲ, ಕಡಮೆಯಾಗುವುದಷ್ಟೆ. ಇತ್ತ ಎರಡನೆಯ ಮಹಾಯುದ್ಧದ ತರುವಾಯ ಕೊರತೆಯೆಲ್ಲ ಪ್ರೋಟೀನಿನದೆಂದು ನಂಬಿ, ಪ್ರೋಟೀನ್ ಪುಡಿಗಳಿಗಾಗಿ ಲೋಕವೇ ಹಣ ಸುರಿಯಿತು. ಕೂನೂರಿನ ಪೌಷ್ಟಿಕ ಪ್ರಯೋಗಶಾಲೆಯು 1958ರಲ್ಲಿ ಹೈದರಾಬಾದಿಗೆ ಬಂದ ಮೇಲೆ, ಅಲ್ಲಿ ಡಾ. ಸಿ. ಗೋಪಾಲನ್ ಅವರು ಬಾತ ಮಕ್ಕಳ ಊಟವನ್ನೂ ಬರಿಯ ಎಲುಬುಗೂಡಾದ ಮಕ್ಕಳ ಊಟವನ್ನೂ ಹೋಲಿಸಿ, ಎರಡರಲ್ಲಿಯೂ ಭೇದವಿಲ್ಲವೆಂದು 1968ರಲ್ಲಿ ತೋರಿಸಿದರು. ಮಕ್ಕಳಿಗೆ ಮುಖ್ಯವಾಗಿ ಕಡಮೆಬಿದ್ದುದು ಒಟ್ಟು ಆಹಾರವೇ. 1974ರಲ್ಲಿ ಮೆಕ್ಲಾರೆನ್ ಎಂಬ ವೈದ್ಯನು ಪ್ರೋಟೀನಿನ ಭ್ರಮೆಯನ್ನು ಕಟುವಾಗಿ ಖಂಡಿಸಿದನು. ಬಾವೇಕೆ ಬರುತ್ತದೆಂಬ ಚರ್ಚೆಯು ಮುಗಿದಿಲ್ಲ.

ಆಹಾರವು ಕಡಮೆ ಬೀಳುವುದು ಬಡತನದಿಂದ ಮಾತ್ರವಲ್ಲ. ಕೂಸಿನ ಹೊಟ್ಟೆ ಚಿಕ್ಕದು, ಗಂಜಿಯೋ ನೀರಿನಿಂದ ತುಂಬಿರುವುದು. ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಗಟ್ಟಿಯಾಗಿ ಮಗು ನುಂಗಲಾರದು. ಕಡಮೆ ಹಾಕಿದರೆ ಹೊಟ್ಟೆ ತುಂಬಿಯೂ ಮೈಗೆ ಹತ್ತದು. ಈ ಗಂಟನ್ನು ಬಿಚ್ಚಿದುದು ನಮ್ಮ ನಾಡಿನ ಅಡುಗೆಮನೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿ ಮಾಡುವ ಸರಿಹಿಟ್ಟಿನ ಗುಣವನ್ನು ಪರೀಕ್ಷಿಸಿದುದು, 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರ ಸಂಶೋಧನಾ ಸಂಸ್ಥೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಪಾಚಕವಸ್ತುವು ಪಿಷ್ಟವನ್ನು ಮುರಿಯುವುದರಿಂದ ಸರಿಯು ಅಂಟಾಗದೆ ತೆಳ್ಳಗಿರುತ್ತದೆ. ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. 1982ರಲ್ಲಿ ಆ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ಮೊಳಕೆಯ ರಾಗಿಗೆ ಹೆಸರುಕಾಳನ್ನು ಬೆರಸಿ, ಮೊಲೆ ಬಿಡುವ ಮಕ್ಕಳಿಗೆಂದೇ ಒಂದು ಹಿಟ್ಟನ್ನು ಸಿದ್ಧಪಡಿಸಿ ಅದರ ವಿವರವನ್ನು ಪ್ರಕಟಿಸಿದರು.