ಕಂಠವಿದ್ಯೆಯ ಗುರು ಮಾನ್ಯುಯೆಲ್ ಗಾರ್ಸಿಯಾ

ನಾದವನ್ನು ಉಪಾಸನೆಯೆಂದು ಭಾವಿಸಿದ ಪರಂಪರೆ ನಮ್ಮದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದುದನ್ನು ಬಲ್ಲ ಭಕ್ತರಿಗೆ, ಹಾಡುವ ಶಕ್ತಿ ಬೇರೆ, ಹಾಡಿಸುವ ಶಕ್ತಿ ಬೇರೆ ಎಂಬ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಈ ಎರಡು ಶಕ್ತಿಗಳಲ್ಲಿ ಮೊದಲನೆಯದನ್ನು ತಾರುಣ್ಯದಲ್ಲಿಯೇ ಕಳೆದುಕೊಂಡು, ಎರಡನೆಯದರಲ್ಲಿ ಲೋಕವೇ ತಲೆದೂಗುವಂತಹ ಸಿದ್ಧಿಯನ್ನು ಪಡೆದ ಒಬ್ಬ ಪಾಶ್ಚಾತ್ಯ ಗುರುವಿನ ಚರಿತ್ರೆಯನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

ಯುರೋಪಿನಲ್ಲಿ ‘ಆಪೆರಾ’ ಎಂಬುದೊಂದು ಗೀತನಾಟಕ ಪ್ರಕಾರವಿದೆ. ಸುಮಾರು 1600ರ ವೇಳೆಗೆ ಇಟಲಿಯಲ್ಲಿ ಹುಟ್ಟಿದ ಈ ಕಲೆಯಲ್ಲಿ ಪಾತ್ರಧಾರಿಗಳು ಕಥೆಯನ್ನು ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಸುತ್ತಾರೆ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಗಾಯಕನ ಕಂಠವು ಹತ್ತಾರು ವಾದ್ಯಗಳ ಘೋಷವನ್ನು ಮೀರಿ ವಿಶಾಲವಾದ ರಂಗಮಂದಿರದ ಕೊನೆಯ ಸಾಲಿನವರೆಗೂ ಕೇಳಿಸಬೇಕಾಗಿತ್ತು. ಆದುದರಿಂದ ಅಲ್ಲಿ ಕಂಠಶಿಕ್ಷಣವು ಗಾಯಕನ ಅಳಿವು ಉಳಿವಿನ ಪ್ರಶ್ನೆಯೇ ಆಗಿತ್ತು.

ಮಾನ್ಯುಯೆಲ್ ಗಾರ್ಸಿಯಾ 1805ನೆಯ ಮಾರ್ಚ್ 17ರಂದು ಸ್ಪೇನ್ ದೇಶದಲ್ಲಿ ಜನಿಸಿದನು. ತಂದೆಯ ಹೆಸರೂ ಮಾನ್ಯುಯೆಲ್ ಗಾರ್ಸಿಯಾ ಎಂದೇ. ಆತನು ಯುರೋಪಿನಲ್ಲೆಲ್ಲ ಹೆಸರಾಂತ ಗಾಯಕ. ರೊಸ್ಸಿನಿಯ ‘ಸೆವಿಲ್ಲೆಯ ಕ್ಷೌರಿಕ’ ಎಂಬ ಆಪೆರಾ 1816ರಲ್ಲಿ ರೋಮ್ ನಗರದಲ್ಲಿ ಪ್ರಥಮವಾಗಿ ರಂಗವೇರಿದಾಗ ಕೌಂಟ್ ಅಲ್ಮವೀವನ ಪಾತ್ರವನ್ನು ವಹಿಸಿದವನು. ತಂಗಿಯರಾದ ಮರಿಯಾ ಮಾಲಿಬ್ರಾನ್ ಹಾಗೂ ಪೌಲೀನ್ ವಿಯಾರ್ಡೊ ಇಬ್ಬರೂ ಆ ಶತಮಾನದ ಶ್ರೇಷ್ಠ ಗಾಯಕಿಯರೆನಿಸಿದರು. ಇಂತಹ ಮನೆಯಲ್ಲಿ ಹುಟ್ಟಿದುದು ಭಾಗ್ಯವೂ ಹೌದು, ಭಾರವೂ ಹೌದು. ತಂದೆಯ ಶಿಕ್ಷಣವು ಅತಿ ಕಠೋರವಾದುದೆಂದು ಪ್ರಸಿದ್ಧವಾಗಿತ್ತು.

1825ರಲ್ಲಿ ತಂದೆಯು ತನ್ನ ಕುಟುಂಬವನ್ನೇ ನಾಟಕ ಮಂಡಳಿಯ ತಿರುಳಾಗಿ ಮಾಡಿಕೊಂಡು ಅಮೆರಿಕೆಗೆ ಹೊರಟನು. ಆ ವರ್ಷದ ನವೆಂಬರ್ 29ರಂದು ನ್ಯೂಯಾರ್ಕಿನ ಪಾರ್ಕ್ ಥಿಯೇಟರಿನಲ್ಲಿ ‘ಕ್ಷೌರಿಕ’ವನ್ನು ಆಡಿದರು. ಆ ನಗರವು ಇಟಲಿಯ ಭಾಷೆಯಲ್ಲಿ ಪೂರ್ಣ ಆಪೆರಾವನ್ನು ಕೇಳಿದ್ದು ಅದೇ ಮೊದಲು. ನಾಯಕನ ಪಾತ್ರ ತಂದೆಯದು, ನಾಯಕಿಯ ಪಾತ್ರ ಮರಿಯಾಳದು, ಕ್ಷೌರಿಕ ಫಿಗಾರೊವಿನ ಪಾತ್ರ ಇಪ್ಪತ್ತು ವರ್ಷದ ಮಗನದು. ಇನ್ನೂ ಬಲಿಯದ ಆ ಕಂಠವು ಮೇಲಿಂದ ಮೇಲೆ ನಡೆದ ಪ್ರಯೋಗಗಳ ಶ್ರಮವನ್ನು ತಾಳಲಿಲ್ಲ. ಯುರೋಪಿಗೆ ಹಿಂದಿರುಗಿದ ಮೇಲೆ, ಇಪ್ಪತ್ತೈದರ ಹೊತ್ತಿಗೆ, ಆತನು ರಂಗಭೂಮಿಗೆ ಬೆನ್ನು ತಿರುಗಿಸಬೇಕಾಯಿತು.

ಕುಲವಿದ್ಯೆಯೇ ಕೈಬಿಟ್ಟಾಗ ಮನುಷ್ಯನು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ. ವಿಧಿಯನ್ನು ಹಳಿಯುತ್ತ ಕೂಡುವುದು ಒಂದು; ಹೀಗೇಕಾಯಿತೆಂದು ವಿಚಾರಿಸಿ ನೋಡುವುದು ಇನ್ನೊಂದು. ಗಾರ್ಸಿಯಾ ಹಿಡಿದುದು ಎರಡನೆಯ ದಾರಿ. 1830ರಲ್ಲಿ ಫ್ರೆಂಚರ ಸೈನ್ಯದೊಡನೆ ಆಲ್ಜೀರಿಯಾಕ್ಕೆ ಹೋಗಿ ಬಂದ ಆತನು ಬಳಿಕ ಸೈನಿಕ ಆಸ್ಪತ್ರೆಗಳಲ್ಲಿದ್ದುಕೊಂಡು ಶರೀರರಚನೆಯನ್ನು, ಅದರಲ್ಲಿಯೂ ಧ್ವನಿಪೆಟ್ಟಿಗೆಯ ರಚನೆಯನ್ನು ಅಭ್ಯಾಸ ಮಾಡಿದನು. 1840ರಲ್ಲಿ ಮಾನವಧ್ವನಿಯನ್ನು ಕುರಿತ ಪ್ರಬಂಧವೊಂದನ್ನು ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿಗೆ ಒಪ್ಪಿಸಿದನು. ಗಾನಕಲೆಯನ್ನು ಕುರಿತ ಆತನ ಮಹಾಗ್ರಂಥವು 1840ರಲ್ಲಿ ಹಾಗೂ 1847ರಲ್ಲಿ ಎರಡು ಭಾಗಗಳಾಗಿ ಹೊರಬಂದಿತು.

ಆತನ ಗುರುತನದ ಪರೀಕ್ಷೆ ನಡೆದುದು 1841ರಲ್ಲಿ. ಸ್ವೀಡನ್ ದೇಶದ ಜೆನ್ನಿ ಲಿಂಡ್ ಎಂಬ ಇಪ್ಪತ್ತು ವರ್ಷದ ಗಾಯಕಿ ಪ್ಯಾರಿಸ್ಸಿಗೆ ಬಂದು ಆತನೆದುರು ಹಾಡಿದಳು. ಸ್ವದೇಶದಲ್ಲಿ ಆಗಲೇ ಕೀರ್ತಿ ಪಡೆದಿದ್ದ ಆ ಕಂಠವು ಅತಿಯಾದ ದುಡಿಮೆಯಿಂದ ಬಳಲಿ ನಡುವೆಯೇ ಕೈಕೊಟ್ಟಿತು. ಇಂತಹ ಸ್ಥಿತಿಯಲ್ಲಿ ಪಾಠ ಹೇಳಲಾಗದೆಂದು ಗಾರ್ಸಿಯಾ ಸ್ಪಷ್ಟವಾಗಿ ನುಡಿದನು. ಆಕೆ ಕಣ್ಣೀರಿಟ್ಟಳು. ಆಗ ಆತನು ಕೊಟ್ಟ ಮೊದಲ ಪಾಠವೆಂದರೆ ಮೌನ. ಆರು ವಾರಗಳ ಕಾಲ ಹಾಡಲೇಕೂಡದು, ಮಾತನ್ನೂ ಆದಷ್ಟು ಮಿತಗೊಳಿಸಬೇಕು ಎಂದು ಹೇಳಿ ಕಳುಹಿಸಿದನು. ಅವಧಿ ಮುಗಿದು ಆಕೆ ಮರಳಿ ಬಂದಾಗ ಕಂಠ ಚೇತರಿಸಿತ್ತು. ಅನಂತರ ಸುಮಾರು ಹತ್ತು ತಿಂಗಳು, ಕೀರ್ತಿಯನ್ನೆಲ್ಲ ಬದಿಗಿಟ್ಟು, ಎಳೆಯ ಮಕ್ಕಳಂತೆ ಸ್ವರಾವಳಿಯಿಂದಲೇ ಅಭ್ಯಾಸವನ್ನಾರಂಭಿಸಿದಳು. ಮುಂದೆ ಯುರೋಪು, ಅಮೆರಿಕಗಳೆರಡೂ ಆಕೆಯ ಗಾನಕ್ಕೆ ಮಾರುಹೋದವು. 1849ರಲ್ಲಿ ಆಪೆರಾ ರಂಗವನ್ನು ತೊರೆದ ಆಕೆ, 1883ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಆರಂಭವಾದಾಗ ತಾನೇ ಕಂಠಶಿಕ್ಷಣದ ಪ್ರಾಧ್ಯಾಪಕಿಯಾದಳು. ತನ್ನ ಕಂಠವನ್ನು ಕಳೆದುಕೊಂಡವನಿಗಲ್ಲದೆ ಮತ್ತೊಬ್ಬರ ಕಂಠದ ಬೆಲೆ ಅಷ್ಟಾಗಿ ಯಾರಿಗೆ ತಿಳಿದೀತು?

1848ರಲ್ಲಿ ಗಾರ್ಸಿಯಾ ಲಂಡನ್ನಿಗೆ ಬಂದು ನೆಲೆಸಿ, ಅಲ್ಲಿಯ ರಾಯಲ್ ಅಕಾಡೆಮಿಯಲ್ಲಿ 1895ರವರೆಗೂ ಬೋಧಿಸಿದನು. ಆದರೆ ಆತನ ಮನಸ್ಸನ್ನು ಒಂದು ಪ್ರಶ್ನೆ ಕಾಡುತ್ತಲೇ ಇತ್ತು. ಸತ್ತವರ ದೇಹದಲ್ಲಿ ಕಂಡ ಧ್ವನಿತಂತುಗಳು ಜೀವಂತ ಗಾಯಕನಲ್ಲಿ ಹೇಗೆ ವರ್ತಿಸುತ್ತವೆ? 1854ರಲ್ಲಿ ಪ್ಯಾರಿಸ್ಸಿನಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜುಗಳ ಮೇಲೆ ಬಿಸಿಲು ಹೊಳೆದುದನ್ನು ಕಂಡು ಆತನಿಗೆ ಉಪಾಯವೊಂದು ಹೊಳೆಯಿತು. ದಂತವೈದ್ಯರು ಬಳಸುವ, ಉದ್ದ ಹಿಡಿಯುಳ್ಳ ಪುಟ್ಟ ಕನ್ನಡಿಯೊಂದನ್ನು ಕೊಂಡು ತಂದನು. ಅದನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒರೆಸಿ, ಬಾಯೊಳಗೆ ಹಿಂಭಾಗಕ್ಕೆ ತಾಗಿಸಿ ಹಿಡಿದು, ಕೈಯಲ್ಲಿದ್ದ ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿದನು. ಕಂಠದ್ವಾರವು ಎದುರಿನ ಕನ್ನಡಿಯಲ್ಲಿ ತೆರೆದು ತೋರಿತು! ಉಸಿರಾಡುವಾಗ ಧ್ವನಿತಂತುಗಳು ಅಗಲುವುದನ್ನೂ ಸ್ವರ ಹೊರಡಿಸುವಾಗ ಅವು ಕೂಡುವುದನ್ನೂ ಆತನು ಕಣ್ಣಾರೆ ಕಂಡನು. ಆಗ ಆತನ ವಯಸ್ಸು 49. ಮರುವರ್ಷ, 1855ರಲ್ಲಿ, ಈ ಅವಲೋಕನಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಡಲಾಯಿತು.

ಸಂಗೀತಗಾರನೊಬ್ಬನ ಈ ಕನ್ನಡಿಯನ್ನು ವೈದ್ಯಲೋಕವು ಮೊದಲು ಅಷ್ಟಾಗಿ ಗಮನಿಸಲಿಲ್ಲ. 1857–58ರ ವೇಳೆಗೆ ಟ್ಯೂರ್ಕ್ ಹಾಗೂ ಚೆರ್ಮಾಕ್ ಎಂಬ ವೈದ್ಯರು ಅದನ್ನು ರೋಗಪರೀಕ್ಷೆಗೆ ಬಳಸತೊಡಗಿದ ಮೇಲೆ ಗಂಟಲ ಬೇನೆಗಳ ಚಿಕಿತ್ಸೆಯು ವೈದ್ಯಶಾಸ್ತ್ರದ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆಯಿತು. 1862ರಲ್ಲಿ ಕ್ಯೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯವು ಗಾರ್ಸಿಯಾನಿಗೆ ವೈದ್ಯಶಾಸ್ತ್ರದ ಗೌರವ ಪದವಿಯನ್ನಿತ್ತು ಮನ್ನಿಸಿತು.

ಆದರೆ ಗುರುವಿನ ಮಾತನ್ನು ಶಿಷ್ಯರು ತಿರುಚಿಕೊಳ್ಳುವ ದುರ್ದೈವ ಆತನಿಗೂ ತಪ್ಪಲಿಲ್ಲ. ಸ್ವರವನ್ನು ತೊದಲದೆ, ಉಸಿರು ಸೋರದೆ, ಖಚಿತವಾಗಿ ಎತ್ತಿಕೊಳ್ಳಬೇಕೆಂಬುದನ್ನು ಆತನು ‘ಕಂಠದ್ವಾರದ ತಟ್ಟು’ ಎಂಬ ಅರ್ಥದ ಪದದಿಂದ ಸೂಚಿಸಿದ್ದನು. ಅದು ಎದೆಯಿಂದ ಬಲವಾಗಿ ಒತ್ತುವುದಲ್ಲ, ಕೆಮ್ಮಿದಂತೆ ಮಾಡುವುದೂ ಅಲ್ಲವೆಂದು ಎಚ್ಚರಿಸಿಯೂ ಇದ್ದನು. ಪದವನ್ನಷ್ಟೇ ಹಿಡಿದು ಎಚ್ಚರಿಕೆಯನ್ನು ಬಿಟ್ಟವರು ಬಲಾತ್ಕಾರದಿಂದ ಸ್ವರವೆತ್ತಿಸಿ ಕಂಠಗಳನ್ನು ಕೆಡಿಸಿದರು; ಅಪವಾದ ಮಾತ್ರ ಗುರುವಿನ ಪಾಲಿಗೆ ಬಂದಿತು. ಗ್ರಂಥವಿದ್ದ ಮಾತ್ರಕ್ಕೆ ಗುರುಮುಖದ ಅಗತ್ಯ ತೀರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆದರೂ ಪರಂಪರೆ ಮುಂದುವರಿಯಿತು. ಗಾರ್ಸಿಯಾನ ಶಿಷ್ಯೆ ಮಟಿಲ್ಡೆ ಮಾರ್ಕೇಸಿ. ಆಕೆಯ ಶಿಷ್ಯೆ ಆಸ್ಟ್ರೇಲಿಯಾದ ನೆಲ್ಲಿ ಮೆಲ್ಬಾ. ಲೋಕಪ್ರಸಿದ್ಧಳಾದ ಬಳಿಕ ಮೆಲ್ಬಾ ತನ್ನ ಊರಾದ ಮೆಲ್ಬೋರ್ನಿನಲ್ಲಿ 1915ರಿಂದ ತಾನೂ ಪಾಠ ಹೇಳತೊಡಗಿದಳು. ಹೀಗೆ ರಂಗದ ಮೇಲೆ ನಿಲ್ಲಲಾರದೆ ಹೋದವನ ವಿದ್ಯೆಯು ಸಾಗರಗಳನ್ನು ದಾಟಿತು. 1905ನೆಯ ಮಾರ್ಚ್ 17ರಂದು ಗಾರ್ಸಿಯಾನಿಗೆ ನೂರು ತುಂಬಿದಾಗ ನಾನಾ ದೇಶಗಳ ವೈದ್ಯರೂ ಗಾಯಕರೂ ಲಂಡನ್ನಿನಲ್ಲಿ ನೆರೆದು ಸನ್ಮಾನಿಸಿದರು. 1906ನೆಯ ಜುಲೈ 1ರಂದು, ತನ್ನ 101ನೆಯ ವಯಸ್ಸಿನಲ್ಲಿ, ಆತನು ಕಾಲವಶನಾದನು.

ಈ ಚರಿತ್ರೆಯನ್ನು ಓದುವಾಗಲೆಲ್ಲ ನಮ್ಮದೇ ಒಂದು ತಪ್ಪು ನೆನಪಿಗೆ ಬರುತ್ತದೆ. ಹಲವು ವರ್ಷಗಳ ಹಿಂದೆ ಮಠದ ಪ್ರಸಾದನಿಲಯದಲ್ಲಿ ಸುಶ್ರಾವ್ಯವಾಗಿ ವಚನ ಹಾಡುತ್ತಿದ್ದ ಬಾಲಕನೊಬ್ಬನಿದ್ದನು. ಕಂಠ ಒಡೆಯುವ ವಯಸ್ಸು. ಜಾತ್ರೆಯ ಐದು ದಿನವೂ ಅವನಿಂದಲೇ ಹಾಡಿಸಿದೆವು. ಧ್ವನಿ ಕಟ್ಟಿದೆಯೆಂದು ಅಂಜುತ್ತ ಅರಿಕೆ ಮಾಡಿಕೊಂಡಾಗ, ಇನ್ನೂ ಗಟ್ಟಿಯಾಗಿ ಹಾಡೆಂದು ಹುರಿದುಂಬಿಸಿದವರು ನಾವೇ. ಅನಂತರ ಅವನು ಹಾಡುವುದನ್ನೇ ಬಿಟ್ಟನು. ಅವನಿಗೆ ಅಂದು ಬೇಕಾಗಿದ್ದುದು ಪ್ರೋತ್ಸಾಹದ ಮಾತಲ್ಲ, ವಿಶ್ರಾಂತಿಯ ಅಪ್ಪಣೆ.

ಭಕ್ತಿಯಿಂದ ಹಾಡಿದರೆ ಸಾಕು, ದೇಹದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ದೇಹವನ್ನೇ ದೇಗುಲವೆಂದು ಕಂಡ ಶರಣರ ಮಕ್ಕಳು ಹಾಗೆ ಕೇಳಲಾಗದು. ದೇಗುಲದ ಕಂಬ ಯಾವುದು, ಅದು ಎಷ್ಟು ಭಾರ ತಾಳೀತು ಎಂಬುದನ್ನು ಅರಿಯುವುದೂ ಪೂಜೆಯ ಒಂದು ಅಂಗವೇ. ಇಂದು ನಮ್ಮ ಮಠಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ಹಾಡು ಕಲಿಸುವವರೆಲ್ಲರೂ ಗಾರ್ಸಿಯಾನ ಆ ಮೊದಲ ಪಾಠವನ್ನು ನೆನಪಿನಲ್ಲಿಡಲಿ. ಹಾಡಿಸಬಲ್ಲವನು ಗುರು, ಯಾವಾಗ ಹಾಡಿಸಬಾರದೆಂದು ಬಲ್ಲವನು ಸದ್ಗುರು.