ದಫ್ತರದ ಬೀಗ, ಗಣಕದ ಬೀಗ

ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗೆ ನಮ್ಮ ಸೋದರಮಾವನವರದು ಆರೆಕರೆ ಎರೆಹೊಲ. ನಾನು ಹುಡುಗನಾಗಿದ್ದಾಗ, ಸುಗ್ಗಿ ಮುಗಿದ ಮೇಲೆ ಅವರು ತಪ್ಪದೆ ಮಾಡುತ್ತಿದ್ದ ಯಾತ್ರೆಗಳು ಎರಡು. ಒಂದು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ, ಇನ್ನೊಂದು ಗ್ರಾಮಲೆಕ್ಕಿಗರ ಮನೆಗೆ. ಮೊದಲನೆಯದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತಿತ್ತು. ಎರಡನೆಯದರಲ್ಲಿ ಆ ಭರವಸೆಯಿರಲಿಲ್ಲ. ಊರಿನ ಪಹಣಿಯೆಲ್ಲ ಕೆಂಪು ಅರಿವೆಯ ಒಂದು ಗಂಟಿನೊಳಗೆ. ಆ ಗಂಟು ಲೆಕ್ಕಿಗರ ಮನೆಯ ಅಟ್ಟದ ಮೇಲೆ. ಒಂದು ವರ್ಷ ಹನ್ನೆರಡನೆಯ ಕಲಮಿನಲ್ಲಿ, ಎಂದರೆ ಸಾಗುವಳಿದಾರರ ಹೆಸರು ಬರೆಯುವ ಕಡೆ, ಮಾವನವರ ಬದಲು ನೆರೆಹೊಲದವನ ಹೆಸರು ಬಂದು ಕುಳಿತಿತು. ಬರೆದವರು ಯಾರು, ಬರೆದದ್ದು ಯಾವಾಗ ಎಂಬುದನ್ನು ಆ ಕಾಗದ ಹೇಳಲಿಲ್ಲ. ಅದನ್ನು ತಿದ್ದಿಸಿಕೊಳ್ಳಲು ಎರಡು ವರ್ಷ ತಿರುಗಾಡಿದರು. ಎಷ್ಟು ಚೀಲ ಜೋಳ ಮನೆಯಿಂದ ಹೊರಟವೆಂಬುದನ್ನು ಅತ್ತೆಯವರು ಮಾತ್ರ ಬಲ್ಲರು.

ಗಣಕಯಂತ್ರದ ಭದ್ರತೆಯ ಮಾತು ಬಂದಾಗಲೆಲ್ಲ ನನಗೆ ಆ ಕೆಂಪು ಗಂಟು ನೆನಪಾಗುತ್ತದೆ. ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಕಟ್ಟಳೆ ಒಂದು. ಆ ಕಡತವಿರುವ ಕೋಣೆಗೆ ಯಾರು ಹೋಗಬಹುದು ಎಂಬುದು ಇನ್ನೊಂದು. ಎರಡನೆಯದು ಸಡಿಲವಾದರೆ ಮೊದಲನೆಯದಕ್ಕೆ ಬೆಲೆಯಿಲ್ಲ. ನಮ್ಮ ಕಲಬುರ್ಗಿ ಜಿಲ್ಲೆ ಈ ಪಾಠವನ್ನು ಬಹಳ ಕಾಲ ಕಲಿಯಿತು.

1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರದು, ಕಛೇರಿಯ ಭಾಷೆ ಉರ್ದು. ಆಳಂದದ ಕನ್ನಡ ರೈತನಿಗೆ ತನ್ನ ಹೊಲದ ಕಾಗದ ಕೈಗೆ ಸಿಕ್ಕರೂ ಓದಲು ಬಾರದು. ಲಿಪಿಯೇ ಒಂದು ಬೀಗ. ಅದರ ಕೀಲಿಕೈ ಪಟವಾರಿಯ ಬಳಿ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿತು. ಸಂಬಳದ ಲೆಕ್ಕಿಗರು ಬಂದರು, ಲಿಪಿ ಕನ್ನಡವಾಯಿತು. ಗಂಟು ಮಾತ್ರ ಮನೆಯಿಂದ ಮನೆಗೆ ಸ್ಥಳ ಬದಲಿಸಿತು, ಅಷ್ಟೆ.

ಪಹಣಿಗಳನ್ನು ಗಣಕಕ್ಕೇರಿಸುವ ಪ್ರಯೋಗವನ್ನು ಕರ್ನಾಟಕದಲ್ಲಿ ಮೊದಲು ಮಾಡಿದ್ದು ನಮ್ಮ ಜಿಲ್ಲೆಯಲ್ಲೇ ಎಂಬುದನ್ನು ಎಷ್ಟು ಮಂದಿ ಬಲ್ಲರೋ! 1991ರಲ್ಲಿ ಕೇಂದ್ರ ಸರ್ಕಾರದ ಪೂರ್ಣ ವೆಚ್ಚದಲ್ಲಿ ಅದು ಶುರುವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ದಿನನಿತ್ಯ ಪಹಣಿ ತಿದ್ದುವ ಕೆಲಸ ನಡೆಯುವ ತಾಲ್ಲೂಕುಗಳಲ್ಲಿ ಯಂತ್ರವಿಡುವ ಏರ್ಪಾಡೇ ಅದರಲ್ಲಿರಲಿಲ್ಲ. ಜೇವರ್ಗಿಯಲ್ಲಿ ಹೊಲ ಕೈ ಬದಲಾಯಿಸಿದರೆ ಬದಲಾಗುತ್ತಿದ್ದುದು ಅಟ್ಟದ ಮೇಲಿನ ಕಾಗದ. ಯಂತ್ರದೊಳಗಿನದು ಹಳಸುತ್ತ ಹೋಯಿತು. ಯಾರೂ ಮುಟ್ಟದಿದ್ದ ಆ ಕಡತದಷ್ಟು ಸುರಕ್ಷಿತವಾದದ್ದು ಬೇರೆ ಇರಲಾರದು! ಉಪಯೋಗವೇನು ಬಂತು?

ಇಲ್ಲಿ ಕಡತಗಳ ಕಟ್ಟಳೆಯ ವಿಚಾರ ಸ್ವಲ್ಪ ಹೇಳಬೇಕು. ಒಂದೇ ಗಣಕವನ್ನು ಹಲವರು ಬಳಸುವ ಪದ್ಧತಿ 1960ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ರೂಢಿಗೆ ಬಂತು. ಅದರೊಂದಿಗೆ ಗುಪ್ತಪದವೂ ಬಂತು. 1962ರಲ್ಲಿ ಅಲನ್ ಶೆರ್ ಎಂಬ ವಿದ್ಯಾರ್ಥಿಗೆ ವಾರಕ್ಕೆ ಕೊಟ್ಟಿದ್ದ ನಾಲ್ಕು ಗಂಟೆಗಳು ಸಾಲದೆ ಬಂದವು. ಎಲ್ಲರ ಗುಪ್ತಪದಗಳಿದ್ದ ಕಡತವನ್ನು ಅಚ್ಚುಹಾಕಿಕೊಡಿ ಎಂದು ರಂಧ್ರ ಕೊರೆದ ಒಂದು ಕಾರ್ಡನ್ನು ಶುಕ್ರವಾರ ರಾತ್ರಿ ಕೊಟ್ಟು, ಶನಿವಾರ ಬೆಳಿಗ್ಗೆ ಪ್ರತಿ ತೆಗೆದುಕೊಂಡು ಹೋದ. ಮುಂದೆ 1970ರ ಆಸುಪಾಸಿನಲ್ಲಿ ಬೆಲ್ ಪ್ರಯೋಗಶಾಲೆಯ ಯುನಿಕ್ಸ್ ವ್ಯವಸ್ಥೆ ಓದುವ, ಬರೆಯುವ, ನಡೆಸುವ ಹಕ್ಕುಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿತು. ಇಂದಿನ ಮೇಜುಗಣಕಗಳಲ್ಲಿಯೂ ಇಂಥ ವಿಂಗಡಣೆಯೇ ಉಂಟು.

ಆದರೆ ಈ ಹಕ್ಕುಗಳನ್ನು ಕಾಯುವವನು ಯಾರು? ಯಂತ್ರವನ್ನು ನಡೆಸುವ ಕಾರ್ಯವ್ಯವಸ್ಥೆ. ಅದು ಬಾಗಿಲಲ್ಲಿ ನಿಂತ ಜವಾನನಿದ್ದಂತೆ. ಯಂತ್ರದ ಮುಂದೆ ಒಂಟಿಯಾಗಿ ಹತ್ತು ನಿಮಿಷ ಕುಳಿತವನು ಬೇರೊಂದು ಡಿಸ್ಕಿನಿಂದ ಅದನ್ನು ಚಾಲೂ ಮಾಡಿದರೆ, ಅಥವಾ ಒಳಗಿನ ಡಿಸ್ಕನ್ನೇ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ, ಆ ಜವಾನ ಅಲ್ಲಿರುವುದೇ ಇಲ್ಲ. ಆಗ ಉಳಿಯುವ ರಕ್ಷಣೆ ಒಂದೇ: ಅಕ್ಷರಗಳನ್ನೇ ಕೀಲಿಯಿಲ್ಲದೆ ಓದಲಾಗದಂತೆ ಕಲಸಿಡುವ ಗೂಢಲಿಪಿ. ನಿಜಾಮರ ಕಾಲದ ಉರ್ದು ಕಾಗದ ರೈತನ ಪಾಲಿಗೆ ಇಂಥದೇ ಆಗಿತ್ತು. ಹೊಲದ ಒಡೆಯನಿಗೇ ಕೀಲಿ ಇರಲಿಲ್ಲವೆಂಬುದೊಂದು ವಿಪರ್ಯಾಸ.

2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳನ್ನೂ ವ್ಯಾಪಿಸಿದ ‘ಭೂಮಿ’ ಯೋಜನೆಯ ಗುಣ ಇಲ್ಲಿಯೇ ಕಾಣುವುದು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ಅದರ ಮುಂದಾಳು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು. ಅವನ್ನು ಕಾಗದದಲ್ಲಿ ಕಾಯುತ್ತಿದ್ದ ಲೆಕ್ಕಿಗರು ಸುಮಾರು 9,000. ಈ ಸಲ ಯಂತ್ರವನ್ನು ತಾಲ್ಲೂಕು ಕಛೇರಿಗೇ ತಂದರು. ಕೇಂದ್ರ ತೆರೆದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಸಲ್ಲದೆಂದು ಸಾರಿದರು. ಗುಪ್ತಪದವನ್ನು ಚೀಟಿಯಲ್ಲಿ ಬರೆದು ಕೊಡಬಹುದು, ಬೆರಳನ್ನು ಕೊಡಲಾಗದು. ಆದುದರಿಂದ ತಿದ್ದುವವರ ಬೆರಳಚ್ಚನ್ನೇ ಕೀಲಿಯಾಗಿಸಿದರು. ಯಾರು ತಿದ್ದಿದರೆಂಬುದು ದಾಖಲಾಗಿ ಉಳಿಯುವಂತಾಯಿತು. ಮೊದಲು ಬಂದ ಅರ್ಜಿಯನ್ನು ಹಿಂದಕ್ಕೆ ತಳ್ಳಿ ಬೇಕಾದವರದನ್ನು ಮುಂದೆ ಮಾಡಲು ಯಂತ್ರ ಬಿಡಲಿಲ್ಲ. ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನೂ ಇಟ್ಟರು. ಹದಿನೈದು ರೂಪಾಯಿ ಕೊಟ್ಟು ಮಾವನವರು ಜೇವರ್ಗಿಯಲ್ಲಿ ಅದರ ಮುಂದೆ ನಿಂತ ದಿನ ನಾನೂ ಜೊತೆಗಿದ್ದೆ. ಹೆಸರು ಕಂಡ ಮೇಲೂ ಅವರು ಜಾಗ ಬಿಡಲಿಲ್ಲ. “ಒಳಗ ಕೂತಾವ ಎದ್ದು ಹೋದ್ರ ಇದು ಹಿಂಗೇ ಇರ್ತದೇನು?” ಎಂದು ಕೇಳಿದರು.

ಎಳೆಯ ಪ್ರಶ್ನೆಯೆಂದು ನಾನು ನಕ್ಕೆ. ಕೆಲವು ವರ್ಷಗಳ ಬಳಿಕ ಬೇರೊಂದು ಕಛೇರಿಯಲ್ಲಿ (ಯಾವುದೆಂದು ಹೇಳುವುದು ಬೇಡ) ಅಧಿಕಾರಿಯೊಬ್ಬರು ಬೆರಳೊತ್ತಿ ಚಹಾಕ್ಕೆ ಎದ್ದು ಹೋದರು. ಅವರ ಕುರ್ಚಿಯಲ್ಲಿ ಕುಳಿತು ಒಬ್ಬ ಹುಡುಗ ನಿರಾತಂಕವಾಗಿ ಕೀಲಿಮಣೆ ಒತ್ತುತ್ತಿದ್ದ. ಯಂತ್ರದ ಲೆಕ್ಕದಲ್ಲಿ ಆ ಅರ್ಧ ಗಂಟೆಯ ಕೆಲಸವೆಲ್ಲ ಅಧಿಕಾರಿಯದೇ. ಅಂದು ನನ್ನ ನಗು ನನಗೇ ಚುಚ್ಚಿತು.

ಈಗ ಯಂತ್ರದ ಮುಂದೆ ಬಂದು ಕುಳಿತುಕೊಳ್ಳಬೇಕಾದ ಕಷ್ಟವೂ ಇಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯೆಂದು ಕಂಡವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಅರ್ಜಿ ಹಾಕುವ ಹಕ್ಕನ್ನೂ ಹೆಸರು ಅಳಿಸುವ ಹಕ್ಕನ್ನೂ ಬೇರೆ ಬೇರೆ ಇಟ್ಟಿದ್ದರಿಂದ, ನಡುವೆ ಮನೆ ಮನೆಗೆ ಹೋಗಿ ವಿಚಾರಿಸುವ ಮನುಷ್ಯನೊಬ್ಬ ಇದ್ದುದರಿಂದ, ಆ ಹೆಸರುಗಳು ಉಳಿದವು.

2024ರಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಛೇರಿಗಳ ಹಳೆಯ ದಫ್ತರಗಳನ್ನು ಸ್ಕ್ಯಾನ್ ಮಾಡುವ ಕೆಲಸ ಆರಂಭವಾಗಿದೆ. ಮಾವನವರು ಈಗಿಲ್ಲ. ಹನ್ನೆರಡನೆಯ ಕಲಮನ್ನು ತಿದ್ದಿಸಿಕೊಂಡ ಆ ಹಳೆಯ ಪಹಣಿ ಅವರ ಟ್ರಂಕಿನಲ್ಲೇ ಇದೆ. ಟ್ರಂಕಿನ ಕೀಲಿಕೈಯನ್ನು ಅತ್ತೆಯವರು ಇಂದಿಗೂ ಯಾರ ಕೈಗೂ ಕೊಡುವುದಿಲ್ಲ.