ದೊಡ್ಡಪ್ಪನ ಹಡಗು, ಅಣ್ಣನ ಟಿಕೆಟ್: ಅಗ್ಗದ ವಿಮಾನ ನಮ್ಮ ಕಡೆಗೆ ಬಂದ ಕಥೆ

ನಮ್ಮ ದೊಡ್ಡಪ್ಪ ಮೊದಲ ಸಲ ದುಬೈಗೆ ಹೋಗಿದ್ದು ಹಡಗಿನಲ್ಲಿ. 1970ರ ದಶಕದ ಕೊನೆಯ ಮಾತು. ಊರಿನಿಂದ ಬಸ್ಸು ಹತ್ತಿ ಮುಂಬಯಿ, ಅಲ್ಲಿ ಪರಿಚಯದವರ ಖೋಲಿಯಲ್ಲಿ ಕೆಲವು ವಾರ ಕಾಯುವುದು, ಆಮೇಲೆ ‘ದ್ವಾರಕಾ’ ಎಂಬ ಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಪ್ರಯಾಣ. ಗಲ್ಫ್ ಬಂದರುಗಳನ್ನು ಸುತ್ತಿ ಬರುತ್ತಿದ್ದ ಆ ಹಡಗು 1982ರಲ್ಲಿ ನಿಂತಿತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಅವರ ಮಗ, ಅಂದರೆ ನನ್ನ ಅಣ್ಣ, ಆಗ ಗಲ್ಫ್‌ನಲ್ಲಿದ್ದ. ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಆದರೆ ಶಾಲೆಗಳ ರಜೆಯ ಸಮಯ, ಅವತ್ತಿನ ಟಿಕೆಟ್ ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಚಿತೆಗೆ ಬೆಂಕಿ ಇಡಲು ಅವನಿಗೆ ಬರಲಾಗಲಿಲ್ಲ, ಬೊಜ್ಜಕ್ಕೆ ಬಂದ. ‘ವಿಮಾನ ಅಗ್ಗವಾಗಿದೆ ಅಂತ ಪೇಪರಿನಲ್ಲಿ ನೀನೇ ಬರೆದಿದ್ದೆಯಲ್ಲ ಮಗ, ಯಾರಿಗೆ ಅಗ್ಗ?’ ಎಂದು ದೊಡ್ಡಮ್ಮ ಕೇಳಿದರು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

ದರ ಕಟ್ಟುತ್ತಿದ್ದವರು ಯಾರು?

ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕದ ಶಿಕಾಗೋದಲ್ಲಿ ಹಲವು ದೇಶಗಳು ಸಭೆ ಸೇರಿದವು. ಪ್ರತಿ ದೇಶದ ಆಕಾಶ ಆ ದೇಶದ್ದೇ ಎಂಬುದು ಅಲ್ಲಿ ಗಟ್ಟಿಯಾಯಿತು. ಅಂದರೆ ಎರಡು ದೇಶಗಳ ನಡುವೆ ವಿಮಾನ ಹಾರಬೇಕಾದರೆ ಆ ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಳ್ಳಬೇಕು. ಮರುವರ್ಷ ವಿಮಾನ ಕಂಪನಿಗಳು ‘ಐಯಾಟಾ’ ಎಂಬ ಸಂಘ ಕಟ್ಟಿಕೊಂಡವು. ಅಂತಾರಾಷ್ಟ್ರೀಯ ಪ್ರಯಾಣದ ದರವನ್ನು ಅವರೇ ಕೂತು ತೀರ್ಮಾನಿಸುತ್ತಿದ್ದರು, ಸರ್ಕಾರಗಳು ಮುದ್ರೆ ಒತ್ತುತ್ತಿದ್ದವು. ಯಾರ ವಿಮಾನ ಹತ್ತಿದರೂ ಹೆಚ್ಚುಕಡಿಮೆ ಒಂದೇ ದರ. 1958ರಲ್ಲಂತೂ ಅಗ್ಗದ ದರ್ಜೆಯವರಿಗೆ ಎಂಥ ಸ್ಯಾಂಡ್‌ವಿಚ್ ಕೊಡಬಹುದು ಎಂಬುದಕ್ಕೂ ಈ ಕಂಪನಿಗಳು ಜಗಳವಾಡಿದವು!

ಈ ಗೋಡೆಗೆ ದೊಡ್ಡ ಪೆಟ್ಟು ಕೊಟ್ಟವರು ಇಂಗ್ಲೆಂಡಿನ ಫ್ರೆಡ್ಡಿ ಲೇಕರ್. ವರ್ಷಗಟ್ಟಲೆ ಪರವಾನಗಿಗಾಗಿ ಅಲೆದು, 1977ರ ಸೆಪ್ಟೆಂಬರ್‌ನಲ್ಲಿ ಲಂಡನ್ ಹತ್ತಿರದ ಗ್ಯಾಟ್‌ವಿಕ್‌ನಿಂದ ನ್ಯೂಯಾರ್ಕ್‌ಗೆ ‘ಸ್ಕೈಟ್ರೇನ್’ ಓಡಿಸಿದರು. ಹೋಗಲು 59 ಪೌಂಡ್. ಮುಂಗಡ ಬುಕಿಂಗ್ ಇಲ್ಲ, ರೈಲಿನ ಹಾಗೆ ಸಾಲಿನಲ್ಲಿ ನಿಂತು ಟಿಕೆಟ್ ಪಡೆಯಬೇಕು. ಊಟ ಬೇಕಾದರೆ ಬೇರೆ ದುಡ್ಡು. ದೊಡ್ಡ ಕಂಪನಿಗಳೂ ದರ ಇಳಿಸಿದವು. ಸಾಲ ಹೆಚ್ಚಿ 1982ರ ಫೆಬ್ರವರಿಯಲ್ಲಿ ಲೇಕರ್ ಕಂಪನಿ ಮುಳುಗಿತು. ತಮ್ಮನ್ನು ಮುಗಿಸಲು ದೊಡ್ಡವರು ಕೈಜೋಡಿಸಿದರು ಎಂಬ ಮೊಕದ್ದಮೆ ಕೊನೆಗೆ ಹಣ ಕೊಟ್ಟು ರಾಜಿಯಾಯಿತು. ಮನುಷ್ಯ ಸೋತರೂ ದಾರಿ ತೆರೆದಿತ್ತು.

ಆ ದಾರಿಯ ಲೆಕ್ಕಾಚಾರ ಕಲಿಸಿದ್ದು ಅಮೆರಿಕದಲ್ಲಿ 1971ರಲ್ಲಿ ಹಾರಾಟ ಶುರುಮಾಡಿದ ಸೌತ್‌ವೆಸ್ಟ್ ಕಂಪನಿ. ಒಂದೇ ಮಾದರಿಯ ವಿಮಾನ ಇಟ್ಟುಕೊಂಡರೆ ರಿಪೇರಿ, ತರಬೇತಿ ಎಲ್ಲ ಸುಲಭ. ಇಳಿದ ವಿಮಾನವನ್ನು ಬೇಗ ಮತ್ತೆ ಹಾರಿಸಿದರೆ ದಿನಕ್ಕೆ ಒಂದು ಟ್ರಿಪ್ ಹೆಚ್ಚು. ನಮ್ಮ ಖಾಸಗಿ ಬಸ್ಸಿನ ಮಾಲೀಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಂತ ಬಸ್ಸು ನಷ್ಟ, ಓಡುವ ಬಸ್ಸು ಲಾಭ. ಯುರೋಪಿನಲ್ಲಿ ರಯಾನ್‌ಏರ್ ಇದನ್ನೇ ಅನುಸರಿಸಿತು. 2001ರಲ್ಲಿ ಮಲೇಷ್ಯಾದ ಟೋನಿ ಫರ್ನಾಂಡಿಸ್ ಸಾಲದಲ್ಲಿದ್ದ ಏರ್ ಏಷ್ಯಾವನ್ನು ಒಂದು ರಿಂಗಿಟ್‌ಗೆ ಕೊಂಡರು. 2003ರಲ್ಲಿ ಶಾರ್ಜಾದಲ್ಲಿ ಏರ್ ಅರೇಬಿಯಾ ಹುಟ್ಟಿತು.

ಗೊರೂರಿನ ಕ್ಯಾಪ್ಟನ್

ಅದೇ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನ ಏರ್ ಡೆಕ್ಕನ್ ಹಾರಿತು. ಕಟ್ಟಿದವರು ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯದಿಂದ ಬಂದು ಬೇಸಾಯ ಮಾಡಿದವರು, ಆಮೇಲೆ ಹೆಲಿಕಾಪ್ಟರ್ ಕಂಪನಿ ನಡೆಸಿದವರು. ಸೂರ್ಯ ನಟಿಸಿದ ತಮಿಳು ಸಿನಿಮಾ ‘ಸೂರರೈ ಪೋಟ್ರು’ಗೆ ಸ್ಫೂರ್ತಿ ಇವರದೇ ಬದುಕು. ಹುಬ್ಬಳ್ಳಿಯಂಥ ಊರುಗಳಿಗೂ ಇವರ ಪುಟ್ಟ ವಿಮಾನ ಬಂತು. ಕೆಲವು ಸೀಟು ಒಂದು ರೂಪಾಯಿಗೂ ಮಾರಾಟವಾಯಿತು. ಕಂಪನಿಯ ಗುರುತು ಆರ್.ಕೆ. ಲಕ್ಷ್ಮಣ್ ಅವರ ‘ಸಾಮಾನ್ಯ ಮನುಷ್ಯ’.

ಆದರೆ ಸಾಮಾನ್ಯ ಮನುಷ್ಯ ದೇಶ ದಾಟುವಂತಿರಲಿಲ್ಲ. ಐದು ವರ್ಷ ಹಾರಾಟದ ಅನುಭವ, 20 ವಿಮಾನ, ಇವೆರಡೂ ಇದ್ದರೆ ಮಾತ್ರ ವಿದೇಶಕ್ಕೆ ಹಾರಬಹುದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2004ರ ಕೊನೆಯಲ್ಲಿ ತಂದಿತ್ತು. ಏರ್ ಡೆಕ್ಕನ್‌ಗೆ ಐದು ವರ್ಷ ತುಂಬುವ ಮೊದಲೇ ನಷ್ಟ ಹೆಚ್ಚಿ ಅದು ವಿಜಯ್ ಮಲ್ಯ ಅವರ ಪಾಲಾಯಿತು. 2008ರಲ್ಲಿ ಐದು ವರ್ಷ ತುಂಬಿತು. ಆ ಅರ್ಹತೆಯ ಬಲದಿಂದ ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ಹಾರಿದ್ದು ಐಷಾರಾಮಿ ಕಿಂಗ್‌ಫಿಶರ್! ನಾಲ್ಕೇ ವರ್ಷದಲ್ಲಿ ಅದೂ ನೆಲಕ್ಕಿಳಿಯಿತು. ಐದು ವರ್ಷದ ನಿಯಮ ಹೋಗಿದ್ದು 2016ರಲ್ಲಿ.

ಬಜ್ಪೆಗೆ ಬಂತು

ಗಲ್ಫ್‌ಗೆ ಅಗ್ಗದ ಭಾರತೀಯ ವಿಮಾನ ಕೊಟ್ಟಿದ್ದು ಸರ್ಕಾರಿ ಏರ್ ಇಂಡಿಯಾದ ಮರಿ ಕಂಪನಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರ ಏಪ್ರಿಲ್‌ನಲ್ಲಿ ತಿರುವನಂತಪುರದಿಂದ ಅಬುಧಾಬಿಗೆ ಹಾರಿತು. 1951ರ ಕ್ರಿಸ್‌ಮಸ್ ದಿನ ನೆಹರೂ ಬಂದಿಳಿದಿದ್ದ ಬಜ್ಪೆಯ ನಿಲ್ದಾಣದಿಂದ 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. ಮುಂಬಯಿಯ ಖೋಲಿಯಲ್ಲಿ ಕಾಯುವುದು ಆವತ್ತಿಗೆ ಮುಗಿಯಿತು.

ಇದೇ ದಾರಿಯಲ್ಲಿ 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗೆ ಉರುಳಿತು. 158 ಜನ ಸತ್ತರು, ಉಳಿದವರು ಎಂಟೇ ಜನ. ರಜೆಗೆ ಮನೆಗೆ ಬರುತ್ತಿದ್ದ ದುಡಿಯುವ ಜನ, ಅವರ ಹೆಂಡಿರು, ಮಕ್ಕಳು. ಅಗ್ಗದ ವಿಮಾನದ ಚರಿತ್ರೆ ಬರೆಯುವವರು ಅವರನ್ನು ಮರೆಯಬಾರದು.

ಹಾಗಾದರೆ ಯಾರಿಗೆ ಅಗ್ಗ?

ಮೊದಲೇ ಗೊತ್ತಿರುವವರಿಗೆ ಅಗ್ಗ. ಇದು ದೊಡ್ಡಮ್ಮನಿಗೆ ನನ್ನ ಉತ್ತರ. ಹಿಂದೆ ದರವನ್ನು ಸಂಘ ಕಟ್ಟುತ್ತಿತ್ತು, ಈಗ ಕಂಪ್ಯೂಟರ್ ಕಟ್ಟುತ್ತದೆ. ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳ ಕಟ್ಟುಗಳಾಗಿ ಮಾಡಿ, ಕಡಿಮೆ ದರದ್ದನ್ನು ಮೊದಲು ಮಾರುತ್ತಾರೆ. ಕೊನೆಗೆ ಬರುವವನಿಗೆ ಬೇರೆ ದಾರಿ ಇಲ್ಲ ಎಂದು ಅವರಿಗೆ ಗೊತ್ತು. ಮದುವೆಗೆ ಎರಡು ತಿಂಗಳು ಮೊದಲು ಟಿಕೆಟ್ ಮಾಡಬಹುದು. ಸಾವು ದಿನ ಹೇಳಿ ಬರುವುದಿಲ್ಲ. ಮೇಲಾಗಿ ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ಸೀಟು ಎಂಬುದು ಇಂದಿಗೂ ಸರ್ಕಾರಗಳ ಒಪ್ಪಂದದ ಮೇಲೆ ನಿಂತಿದೆ. ಬೇಡಿಕೆ ಏರಿದಾಗ ಸೀಟು ಏರದಿದ್ದರೆ ದರ ಏರುತ್ತದೆ.

ಹಾಗಾಗಿ ಗಲ್ಫ್‌ನಲ್ಲಿ ಮನೆಯವರಿರುವ ಓದುಗರಿಗೆ ನಾಲ್ಕು ಮಾತು. ರಜೆ ಮಂಜೂರಾದ ದಿನವೇ ದರ ನೋಡಿ. ಜುಲೈ-ಆಗಸ್ಟ್, ಈದ್, ಕ್ರಿಸ್‌ಮಸ್ ಬಿಟ್ಟು ಬರಲಾದರೆ ಉಳಿತಾಯ ಹೆಚ್ಚು. ಮಂಗಳೂರು ಮಾತ್ರವಲ್ಲ, ಕಣ್ಣೂರು, ಗೋವಾ, ಬೆಂಗಳೂರಿನ ದರವನ್ನೂ ನೋಡಿ, ಆದರೆ ಅಲ್ಲಿಂದ ಊರಿಗೆ ಬರುವ ಖರ್ಚನ್ನೂ ಕೂಡಿಸಿ. ಬ್ಯಾಗು, ಊಟ, ಸೀಟು ಎಲ್ಲ ಸೇರಿಸಿದ ಮೇಲೆ ಬರುವ ಮೊತ್ತವೇ ನಿಜವಾದ ದರ. ಇದನ್ನು ಲೇಕರ್ ಕಾಲದಿಂದಲೂ ಬದಲಿಸಿದವರಿಲ್ಲ.

ಅಣ್ಣ ಈಗ ಪ್ರತಿ ತಿಂಗಳು ಸ್ವಲ್ಪ ದುಡ್ಡು ಬೇರೆ ತೆಗೆದಿಡುತ್ತಿದ್ದಾನೆ. ಯಾಕೆ ಎಂದು ನಾನು ಕೇಳಲಿಲ್ಲ. ದೊಡ್ಡಮ್ಮನಿಗೆ ಎಪ್ಪತ್ತೆಂಟು ವರ್ಷ.